ಹದಿನೇಳನೇ ನಂಬರಿನ ಕನ್ನಡಿ

ಕೂಸು ತಲೆ ಎತ್ತುತ್ತಿರಲಿಲ್ಲ. ಗಲಾಟೆ ಶುರುವಾದದ್ದು ಅಲ್ಲಿಂದ.

ಬೋರಲು ಮಲಗಿಸಿದರೆ ಸಾಕು, ಐದು ತಿಂಗಳ ಆ ಕೂಸು ಮಧ್ಯಾಹ್ನದ ಊಟ ಮುಗಿಸಿದ ಗುಮಾಸ್ತನ ಹಾಗೆ ಕೆನ್ನೆಯನ್ನು ಚಾಪೆಗೆ ಒತ್ತಿ ಸುಮ್ಮನಾಗಿಬಿಡುತ್ತಿತ್ತು. ತೂಕ ನೋಡುವ ನರ್ಸಮ್ಮ ಹೇಳಿದ್ದರು: "ಎದುರಿಗೆ ಒಂದು ಆಟಿಕೆ ಕನ್ನಡಿ ಇಡಿ. ಮುಖ ನೋಡೋ ಆಸೆಗೆ ತಲೆ ಎತ್ತುತ್ತೆ. ಈ ತಿಂಗಳು ಕತ್ತು ನಿಲ್ಲಲಿಲ್ಲ ಅಂದ್ರೆ ದೊಡ್ಡ ಡಾಕ್ಟರಿಗೆ ತೋರಿಸ್ಬೇಕಾಗುತ್ತೆ. ಗಾಜಿಂದು ಬೇಡ, ಒಡೆಯೋದು ಬೇಡ, ಅಂಚು ಚೂಪಿರೋದು ಬೇಡ."

"ಅಷ್ಟೇ ತಾನೆ?" ಎಂದು ಹೆಂಡತಿ ನಕ್ಕಿದ್ದಳು. "ನಮ್ಮ ಯಜಮಾನ್ರು ಮಾಡೋದೇ ಆ ಕೆಲಸ."

ಮನೆಗೆ ಬಂದು ಯಜಮಾನರಿಗೆ ಹೇಳಿದಳು. ಯಜಮಾನರ ಮುಖ ಸುಣ್ಣವಾಯಿತು.

"ನಮ್ಮ ಕಾರ್ಖಾನೇದು ಬೇಡ ಕಣೇ."

"ಯಾಕ್ರೀ?"

"ಅದನ್ನ ಪಾಸ್ ಮಾಡೋನು ನಾನೇ."

ಅವನ ಕೆಲಸ ಆಟಿಕೆ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ. ಹನ್ನೊಂದು ವರ್ಷದಿಂದ ಅಲ್ಲೇ. ಅವನ ಮುದ್ರೆಯ ನಂಬರು ಹದಿನೇಳು, ಆದ್ದರಿಂದ ಅವನ ಹೆಸರೂ ಹದಿನೇಳು. ಗೇಟಿನ ಕಾವಲುಗಾರನಿಗೆ, ಕ್ಯಾಂಟೀನಿನವನಿಗೆ, ಅಷ್ಟೇಕೆ, ನಿದ್ದೆಯಲ್ಲಿ ಯಾರಾದರೂ ಕೂಗಿದರೆ ಅವನಿಗೂ.

ಮೇಜಿನ ಮೇಲೆ ಒಂದು ಹಾಳೆ ಅಂಟಿಸಿದ್ದರು. ಪ್ರತಿ ಕನ್ನಡಿಯನ್ನೂ ಸೊಂಟದ ಎತ್ತರದಿಂದ ಮೂರು ಸಲ ಕಲ್ಲಿನ ಮೇಲೆ ಬೀಳಿಸಬೇಕು. ಅಂಚಿನ ಸುತ್ತ ಬೆರಳು ಆಡಿಸಬೇಕು. ಹಿಡಿಯನ್ನು ಜಗ್ಗಿ ನೋಡಬೇಕು. ಕೊನೆಗೆ ಕನ್ನಡಿಯನ್ನು ಮುಖಕ್ಕೆ ಹಿಡಿದು ನಿಧಾನವಾಗಿ ಹತ್ತು ಎಣಿಸಬೇಕು, ಮುಖ ಸೊಟ್ಟಗಾಗಬಾರದು. ಆಮೇಲೆ ಹಿಂಬದಿಗೆ ನಂಬರು ಮತ್ತು ತಾರೀಖಿನ ಮುದ್ರೆ. ಇದೆಲ್ಲ ಮಾಡಲು ಒಂದಕ್ಕೆ ಎರಡು ನಿಮಿಷ. ಪಾಳಿಗೆ ಒಂಬೈನೂರು ಕನ್ನಡಿ. ಗುಣಿಸಿದರೆ ಮೂವತ್ತು ಗಂಟೆ. ಪಾಳಿ ಇರುವುದು ಎಂಟು ಗಂಟೆ.

ಉಳಿದ ಇಪ್ಪತ್ತೆರಡು ಗಂಟೆ ಎಲ್ಲಿಂದ ತರಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬಳು ಕೇಳಿದ್ದಳಂತೆ. ಅವಳ ಕುರ್ಚಿಯಲ್ಲೇ ಈಗ ಇವನು ಕೂರುತ್ತಿದ್ದದ್ದು. ಅವಳ ಹೆಸರೂ ಹದಿನೇಳೇ. ಮುದ್ರೆ ಕುರ್ಚಿಗೆ ಸೇರಿದ್ದು, ಮನುಷ್ಯನಿಗಲ್ಲ. ಮನುಷ್ಯ ಬರುತ್ತಾನೆ, ಹೋಗುತ್ತಾನೆ, ಹದಿನೇಳು ಇರುತ್ತದೆ.

"ಸಂಜೆಯೊಳಗೆ ಕನ್ನಡಿ ಬರಬೇಕು" ಎಂದಳು ಹೆಂಡತಿ. "ಎಲ್ಲಿಂದ ತರ್ತೀರೋ ನನಗೆ ಗೊತ್ತಿಲ್ಲ. ತರಲಿಲ್ಲ ಅಂದ್ರೆ ಆ ಗೋಡೆ ಕನ್ನಡೀನೇ ಇಳಿಸಿ ಕೂಸಿನ ಮುಂದೆ ಇಡ್ತೀನಿ."

ಗೋಡೆಯದು ಗಾಜಿನ ಕನ್ನಡಿ. ಮೂಲೆಯಲ್ಲಿ ಬಿರುಕು. ಬಿರುಕಿನ ತುದಿ ಕ್ಷೌರದ ಬ್ಲೇಡಿಗೆ ಪಾಠ ಹೇಳುವಷ್ಟು ಚೂಪು. ಹದಿನೇಳು ಅದನ್ನೊಮ್ಮೆ, ಕೂಸಿನ ಮೃದುವಾದ ಮುಷ್ಟಿಯನ್ನೊಮ್ಮೆ ನೋಡಿದ. ಕಾರ್ಖಾನೆಗೆ ಫೋನು ಮಾಡಿ, ತಗಡಿನ ಡಬ್ಬಿ ಕೆರೆದಂತೆ ದನಿಯನ್ನು ಕರಕರ ಮಾಡಿಕೊಂಡು, "ಜ್ವರ ಸಾರ್" ಎಂದ. ಹನ್ನೊಂದು ವರ್ಷದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು, ದಿನಕ್ಕೆ ಒಂಬೈನೂರನ್ನು ಬಿಟ್ಟರೆ.

ಹೊರಡುವಾಗ ಬೂದು ಬಣ್ಣದ ಕಾರ್ಖಾನೆ ಕೋಟನ್ನೇ ಹಾಕಿಕೊಂಡ. ಕೋಟು ಇದ್ದರೆ ಅಂಗಡಿಯವರು ಮಾತು ಕೇಳುತ್ತಾರೆ ಎಂಬ ಆಸೆ.

ಮೆಟ್ಟಿಲ ಬಳಿ ಮಹಡಿಯಜ್ಜಿ ಕೂತಿದ್ದಳು. ಆ ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ಮೊದಲು ಗೊತ್ತಾಗುತ್ತಿತ್ತು.

"ಕನ್ನಡಿ ತರೋಕ್ ಹೊರಟ್ಯಂತೆ?"

"ಹೌದಜ್ಜಿ. ಕೂಸು ತಲೆ ಎತ್ತಲಿ ಅಂತ."

"ತಲೆ ಎತ್ತುತ್ತೆ, ಯಾಕ್ ಎತ್ತಲ್ಲ. ಆದ್ರೆ ಹತ್ತು ಎಣಿಸೋದಕ್ಕಿಂತ ಜಾಸ್ತಿ ನೋಡೋಕೆ ಬಿಡಬೇಡ."

"ಬಿಟ್ರೆ ಏನಾಗುತ್ತೆ?"

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಒಳಗಿರೋನಿಗೆ ಹೊರಗಿರೋರ ಪರಿಚಯ ಆಗ್ಬಿಡುತ್ತೆ. ಪರಿಚಯ ಆದ್ಮೇಲೆ ಅವನು ಸುಮ್ನೆ ಒಳಗೇ ಕೂತಿರ್ತಾನಾ?"

ಹದಿನೇಳು ನಕ್ಕ. ನಾಲ್ಕು ಹೆಜ್ಜೆ ಹೋದ ಮೇಲೆ ಅವನ ತಲೆ ತನ್ನಷ್ಟಕ್ಕೆ ತಾನೇ ಗುಣಿಸತೊಡಗಿತು. ದಿನಕ್ಕೆ ಒಂಬೈನೂರು ಸಲ. ಹನ್ನೊಂದು ವರ್ಷ. ಉತ್ತರ ಬರುವ ಮೊದಲೇ ನಗು ಮುಗಿದಿತ್ತು.

ಮೊದಲನೆಯದು ಮೂಲೆಯ ಅಂಗಡಿ. ಕಟ್ಟೆಯ ಮೇಲೆ ಬಲೂನು, ಗಿಲಕಿ, ರಬ್ಬರಿನ ಬಾತುಕೋಳಿ. ಅಂಗಡಿಯವನು ಹೂವಿನಾಕಾರದ ಕನ್ನಡಿಗಳನ್ನು ಎದುರಿಗೆ ಸುರಿದ. ಹದಿನೇಳು ಒಂದನ್ನು ತಿರುಗಿಸಿದ. ಹಿಂದೆ ಹದಿನೇಳು. ಇನ್ನೊಂದು. ಹದಿನೇಳು. ಎಲ್ಲವನ್ನೂ ಇಸ್ಪೀಟು ಎಲೆಯಂತೆ ಮಗುಚಿ ಹಾಕಿದ. ಸಾಲಾಗಿ ಹದಿನೇಳು, ಹದಿನೇಳು, ಹದಿನೇಳು. ನೀಲಿ ಮಸಿಯಲ್ಲಿ, ಅವನದೇ ಕೈ ಒತ್ತಿದ ಹಾಗೆ ಎಡಕ್ಕೆ ವಾಲಿಕೊಂಡು.

"ಎಲ್ಲಾ ಒಂದೇ ಮಾಲು ಸ್ವಾಮೀ" ಎಂದ ಅಂಗಡಿಯವನು. "ಪಾಸಾಗಿರೋದು."

"ಅದೇ ಸಮಸ್ಯೆ" ಎಂದ ಹದಿನೇಳು.

ಆದರೂ ಒಂದನ್ನು ಮುಖಕ್ಕೆ ಹಿಡಿದ. ನಿಜವಾಗಿ ಪರೀಕ್ಷೆ ಮಾಡಿಬಿಡೋಣ ಎಂದುಕೊಂಡು ಎಣಿಸತೊಡಗಿದ. ಒಂದು. ಎರಡು. ಪ್ಲಾಸ್ಟಿಕ್ಕಿನ ಹೊಳಪಿನಲ್ಲಿ ಅವನ ಮುಖ ನೀರಿನಲ್ಲಿ ನೆನೆಹಾಕಿದ ಹಾಗೆ ಊದಿಕೊಂಡಿತ್ತು. ಮೂರು. ನಾಲ್ಕು. ಅವನ ಭುಜದ ಹಿಂದೆ, ಅಂಗಡಿಯ ಬಾಗಿಲಲ್ಲಿ, ಯಾರೋ ನಿಂತಿದ್ದರು. ಬೂದು ಕೋಟು. ಅವನದೇ ಕೋಟು. ಮುಖವಿರಬೇಕಾದ ಕಡೆ ಬಿಳಿ ಚೌಕ ಮಾತ್ರ, ಬಾಯಿಲ್ಲ, ಮೂಗಿಲ್ಲ. ಹತ್ತರವರೆಗೆ ಎಣಿಸುವುದು ಅಭ್ಯಾಸವಾಗಿದ್ದರಿಂದ ಹತ್ತರವರೆಗೂ ಎಣಿಸಿದ. ಅದೂ ಅಷ್ಟು ಹೊತ್ತು ಅಲುಗಾಡದೆ ನಿಂತಿತ್ತು. ಹತ್ತು ಮುಗಿದದ್ದೇ ಗಕ್ಕನೆ ತಿರುಗಿದ.

ಯಾರೂ ಇರಲಿಲ್ಲ. ಬಲೂನುಗಳು ಮಾತ್ರ ಅಲುಗಾಡುತ್ತಿದ್ದವು.

"ನಿಮ್ಮ ಜೊತೆಗಾರರಿಗೆ ಏನೂ ಬೇಡವಂತಾ?" ಎಂದ ಅಂಗಡಿಯವನು.

"ಯಾವ ಜೊತೆಗಾರ?"

"ಈಗ ನಿಮ್ಮ ಹಿಂದೆ ಇದ್ರಲ್ಲ."

ಹದಿನೇಳು ಚಿಲ್ಲರೆ ಮರೆತು ಬಂದವನ ಅವಸರದಲ್ಲಿ ಹೊರಬಿದ್ದ. ಅವನು ಏನನ್ನೂ ಕೊಂಡಿರಲಿಲ್ಲ.

ಎರಡನೆಯದು ದೊಡ್ಡ ಮಳಿಗೆ. ಒಳಗೆ ಕಾಲಿಟ್ಟರೆ ಬೆನ್ನಿನ ಬೆವರು ಮಂಜಾಗುವಷ್ಟು ತಂಪು. ಇಲ್ಲಿ ಕನ್ನಡಿಗಳು ರಟ್ಟಿನ ಅರಮನೆಗಳಲ್ಲಿ ವಾಸವಾಗಿದ್ದವು. ಬೇರೆ ಕಂಪನಿ, ಬೇರೆ ಬಣ್ಣ, ಬೇರೆ ಭಾಷೆ, ಡಬ್ಬಿಯ ಮೇಲೆ ಈ ಲೋಕದಲ್ಲಿ ಎಂದೂ ಅತ್ತಿರದಂತಹ ಮಗು. ಹದಿನೇಳಿಗೆ ಜೀವ ಬಂತು. ಡಬ್ಬಿ ಬಿಚ್ಚಿ, ಮಖಮಲ್ಲಿನ ಚೀಲ ತೆಗೆದು, ಚೀಲದೊಳಗಿನ ಹಾಳೆ ಸರಿಸಿ, ಕನ್ನಡಿಯನ್ನು ಮಗುಚಿದ.

ಎಡಕ್ಕೆ ವಾಲಿದ ಹದಿನೇಳು.

ಇನ್ನೊಂದು ಕಂಪನಿಯದನ್ನು ಬಿಚ್ಚಿದ. ಹದಿನೇಳು. ಮತ್ತೊಂದು. ಅದರಲ್ಲಿ ಮುದ್ರೆಯ ಮೇಲೆ ಚಿನ್ನದ ಬಣ್ಣದ ಚೀಟಿ ಅಂಟಿಸಿದ್ದರು. ಉಗುರಿನಿಂದ ಕೆರೆದ. ಚೀಟಿಯ ಕೆಳಗೆ ಹದಿನೇಳು ಕೂತು ಅವನನ್ನೇ ನೋಡುತ್ತಿತ್ತು. ಮೇಲೆ ನೂರು ಅಂಗಿ, ಒಳಗೆ ಒಂದೇ ಮೈ. ಬಡವರ ಕೂಸಿಗೆ ಬರಿಮೈಯಲ್ಲಿ, ಉಳ್ಳವರ ಕೂಸಿಗೆ ಮಖಮಲ್ಲಿನಲ್ಲಿ, ಅದೇ ಪರೀಕ್ಷೆಯಾಗದ ಕನ್ನಡಿ. ಕಾರ್ಖಾನೆ ಸಮಾನತೆ ತಂದದ್ದು ಅದೊಂದರಲ್ಲೇ.

ಸಿಟ್ಟು ನೆತ್ತಿಗೇರಿತು. ಮಳಿಗೆಯ ಹೊಳೆಯುವ ನೆಲದ ಮೇಲೆ, ಸೊಂಟದ ಎತ್ತರದಿಂದ, ಹಾಳೆಯಲ್ಲಿ ಬರೆದ ಹಾಗೆ ಬೀಳಿಸಿದ. ಠಣ್! ಅಂಚು ಒಂದು ದಿಕ್ಕಿಗೆ, ಹಿಡಿ ಇನ್ನೊಂದು ದಿಕ್ಕಿಗೆ ಹಾರಿದವು. ಎರಡನೆಯದನ್ನು ಎತ್ತಿದ. ಅದರಲ್ಲಿ, ಎರಡು ಕಪಾಟುಗಳ ಸಂದಿಯಲ್ಲಿ, ಬೂದು ಕೋಟು. ಬಾಯಿಲ್ಲದ ಬಿಳಿ ಮುಖ. ಈ ಸಲ ಕಣ್ಣುಗಳು ಕಂಡವು. ಅವು ಅವನನ್ನೇ ನೋಡುತ್ತಿದ್ದವು. ಒಂದು, ಎರಡು, ಮೂರು ಎಂದು ಅವನ ತುಟಿ ತಾನಾಗಿ ಎಣಿಸಿತು.

ಹತ್ತಕ್ಕೆ ಮೊದಲೇ ಕಾವಲಿನವನು ರಟ್ಟೆ ಹಿಡಿದ. "ಏನ್ರೀ ಇದು, ಅಂಗಡೀನೇ ಒಡೆದು ನೋಡ್ತೀರಾ? ನಡೀರಿ ಆಚೆ. ನಿಮ್ಮ ಜೊತೆಯೋರೆಲ್ಲಿ?"

"ನಾನು ಒಬ್ಬನೇ ಬಂದದ್ದು!"

"ಕಿವಿಗೆ ಹೂ ಇಡ್ಬೇಡಿ. ಇದೇ ಕೋಟು, ಇದೇ ಎತ್ತರ. ನೀವು ಎಲ್ಲಿ ಹೋದ್ರೆ ಅಲ್ಲಿ ಹಿಂದೆ ಹಿಂದೆ ಬರ್ತಾ ಇದ್ರು."

ಬೀದಿಗೆ ಬಿದ್ದ ಹದಿನೇಳು ಅಂಗಡಿಗಳ ಗಾಜಿನ ಕಡೆ ನೋಡದೆ, ನಿಂತ ಬಸ್ಸಿನ ಕಿಟಕಿಯ ಕಡೆ ನೋಡದೆ, ಕೊಚ್ಚೆನೀರಿನ ಕಡೆಯೂ ನೋಡದೆ ನಡೆದ. ಮುಖ ಕಾಣುವ ವಸ್ತುಗಳು ಒಂದು ಬೀದಿಯಲ್ಲಿ ಇಷ್ಟೊಂದಿರುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ಒಬ್ಬನ ಬೋಳುತಲೆಯೂ ಹೊಳೆಯಿತು. ಕಣ್ಣು ಮುಚ್ಚಿಕೊಂಡು ದಾಟಿದ.

ಮೂರನೆಯದು ಆಸ್ಪತ್ರೆ ಬೀದಿಯ ಔಷಧಿ ಅಂಗಡಿ. ಕೂಸುಗಳ ಸಾಮಾನೂ ಇಟ್ಟಿದ್ದರು. ಸಂಜೆಯಾಗುತ್ತಿತ್ತು. ಅಂಗಡಿಯಾಕೆ ನೆಲದ ಮೇಲೆ ಕೂತು ಪೆಟ್ಟಿಗೆಯ ಹಗ್ಗ ಕತ್ತರಿಸುತ್ತಿದ್ದಳು.

"ಕನ್ನಡಿನಾ? ಪುಣ್ಯವಂತರು ನೀವು. ಈಗಷ್ಟೇ ಬಂತು ನೋಡಿ, ಇನ್ನೂ ಬಿಸಿಬಿಸಿ ಇದೆ."

ಹದಿನೇಳು ದೇವರನ್ನು ನೆನೆಯುವ ಮುಖ ಮಾಡಿ ಒಂದನ್ನು ಮಗುಚಿದ. ಹದಿನೇಳು. ಮಗುಚಿದ, ಹದಿನೇಳು. ಮಗುಚಿದ.

ನಲವತ್ತು!

ಅವನಿಗೆ ಅಳುವೇ ಬಂತು. ನಲವತ್ತು ಎಂದರೆ ನಲವತ್ತಕ್ಕ. ಎದುರು ಮೇಜಿನವಳು. ಅವಳು ಪಾಸು ಮಾಡಿದ ಮಾಲು ಊರಿನ ಆ ಕಡೆ ಹೋಗುತ್ತಿತ್ತು, ಈ ಕಡೆ ಬರುತ್ತಿದ್ದದ್ದೇ ಅಪರೂಪ. ಹನ್ನೊಂದು ವರ್ಷದಿಂದ ಅವನು ಕಣ್ಣಾರೆ ನೋಡುತ್ತಿದ್ದ: ನಲವತ್ತಕ್ಕ ಒಂದೊಂದು ಕನ್ನಡಿಯನ್ನೂ ಮುಖದ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ, ಬಾಯಿ ತುಸು ತೆರೆದು, ಪೂಜೆಗೆ ಕೂತವಳಂತೆ ನೋಡುತ್ತಿದ್ದಳು. ಈ ಕಾರ್ಖಾನೆಯಲ್ಲಿ ಒಬ್ಬರಾದರೂ ಮನುಷ್ಯರಿದ್ದಾರೆ ಎಂದು ಎಷ್ಟೋ ಸಲ ಅನ್ನಿಸಿತ್ತು.

ಪರೀಕ್ಷೆ ಮಾಡಲಿಲ್ಲ. ಮಾಡಿದರೆ ಅದು ನಲವತ್ತಕ್ಕನಿಗೆ ಅವಮಾನ. ಕೊಂಡು, ಎದೆಗೊತ್ತಿಕೊಂಡು ಹೊರಟ. ಹೊರಡುವ ಮುನ್ನ ಒಂದೇ ಒಂದು ಸಲ ಅದರಲ್ಲಿ ಇಣುಕಿದ. ರಸ್ತೆಯಾಚೆಯ ಕಂಬದ ಹಿಂದೆ ಬೂದು ಕೋಟಿನ ಅರ್ಧ ಭುಜ ಕಂಡಿತು. ಆಮೇಲೆ ಅವನು ಮನೆಯವರೆಗೂ ಓಡಿದ.

"ಕನ್ನಡಿ ತಂದೆ ಕಣೇ!" ಎಂದು ಒಳಗೆ ಬಂದವನನ್ನು ನೋಡಿ ಹೆಂಡತಿಗೆ ಗಾಬರಿಯಾಯಿತು. ಅವಳು ಆಗಲೇ ಗೋಡೆಯ ಕನ್ನಡಿಯನ್ನು ಇಳಿಸಿ ಮಂಚಕ್ಕೆ ಒರಗಿಸಿದ್ದಳು. ಹದಿನೇಳು ಅದನ್ನು ಕಿತ್ತುಕೊಂಡು ಮತ್ತೆ ಮೊಳೆಗೆ ಸಿಕ್ಕಿಸಿದ. ಸಿಕ್ಕಿಸಿ ಕೈ ಬಿಡುವಾಗ ಕನ್ನಡಿ ತುಸು ವಾಲಿತು. ವಾಲಿದ ಕನ್ನಡಿಯಲ್ಲಿ ಅವನ ಮುಖ, ಬಿರುಕಿನಾಚೆ ತೆರೆದ ಬಾಗಿಲು, ಬಾಗಿಲಲ್ಲಿ ಬೂದು ಕೋಟು.

ತಿರುಗಲಿಲ್ಲ. ತಿರುಗಿದರೆ ಇರುವುದಿಲ್ಲ ಎಂದು ಈಗ ಗೊತ್ತಿತ್ತು. ಒಂದು. ಎರಡು. ಕೂಸು ಚಾಪೆಯ ಮೇಲೆ ಕೆನ್ನೆಯೊತ್ತಿ ಮಲಗಿತ್ತು. ಐದು. ಆರು. ಬೂದು ಕೋಟು ಹೊಸ್ತಿಲು ದಾಟಿತು. ಎಂಟು. ಒಂಬತ್ತು. ಅದರ ಕೈ ಮೇಲೆದ್ದು ತನ್ನ ಬಿಳಿ ಮುಖವನ್ನು ಹಿಡಿದು ಕೆಳಕ್ಕೆ ಎಳೆಯಿತು.

"ಅಯ್ಯೋ ತಮ್ಮಾ, ಸಾಕು ಮಾಡೋ ನಿನ್ನ ಎಣಿಕೆ!"

ಧೂಳಿನ ಮುಖವಸ್ತ್ರ ಗಲ್ಲಕ್ಕಿಳಿದಿತ್ತು. ನಲವತ್ತಕ್ಕ!

"ಬೆಳಿಗ್ಗೆಯಿಂದ ನನ್ನ ಜೀವ ತಿಂತಿದ್ದೀಯಲ್ಲೋ" ಎನ್ನುತ್ತ ಅವಳು ಮಂಚದ ಮೇಲೆ ಕುಸಿದಳು. "ಹೋದಲ್ಲೆಲ್ಲ ನೀನು! ಹೋದಲ್ಲೆಲ್ಲ ಕನ್ನಡಿಯೊಳಗಿಂದ ನನ್ನನ್ನೇ ದಿಟ್ಟಿಸೋದು! ನೋಡೇಬಿಟ್ಟ, ನಾಳೆ ಸೂಪರ್‌ವೈಸರಿಗೆ ಊದ್ತಾನೆ ಅಂತ ಎದೆ ಹೊಡ್ಕೊಳ್ತಾ ಇತ್ತು. ಆ ದೊಡ್ಡ ಮಳಿಗೇಲಿ ಕೋಟು ನೋಡಿ ನನ್ನನ್ನೂ ಕತ್ತು ಹಿಡಿದು ತಳ್ಳಿದ್ರು. ಯಾರಿಗೂ ಹೇಳ್ಬೇಡ ಕಣಪ್ಪ, ಅದನ್ನ ಕೇಳ್ಕೊಳ್ಳೋಕೇ ಆಟೋ ಹಿಡಿದು ನಿನ್ನ ಹಿಂದೆ ಬಂದೆ. ನಾನು ಹೊಟ್ಟೆನೋವು ಅಂತ ರಜೆ ಹಾಕಿದ್ದೀನಿ."

"ನಾನು ಜ್ವರ ಅಂತ" ಎಂದ ಹದಿನೇಳು. ಇಬ್ಬರೂ ನಕ್ಕರು. ಹೆಂಡತಿಯೂ ನಕ್ಕಳು.

"ಮತ್ತೆ ನೀವು ಯಾಕಕ್ಕ ಅಂಗಡಿ ಅಂಗಡಿ ಸುತ್ತಿದ್ದು?"

"ಮಗಳು ಹೆತ್ತಿದ್ದಾಳಲ್ಲ, ಮೊಮ್ಮಗುವಿಗೆ ಒಂದು ಕನ್ನಡಿ ಬೇಕಿತ್ತು. ನಮ್ಮ ಕಡೆ ಎಲ್ಲಿ ತಿರುಗಿಸಿದ್ರೂ ನಲವತ್ತು, ನಲವತ್ತು. ಅದನ್ನ ಹೇಗಪ್ಪ ಕೂಸಿನ ಕೈಗೆ ಕೊಡ್ಲಿ? ಪಾಸ್ ಮಾಡೋಳು ನಾನೇ ಅಲ್ವಾ! ಅದಕ್ಕೇ ಈ ಕಡೆ ಬಂದೆ." ಚೀಲದಿಂದ ಒಂದು ಹೂವಿನಾಕಾರದ ಕನ್ನಡಿ ತೆಗೆದು, ಹೆಮ್ಮೆಯಿಂದ ಹಿಂಬದಿ ತೋರಿಸಿದಳು. "ಕೊನೆಗೂ ಸಿಕ್ತು. ನೀನು ಹೋದ್ಮೇಲೆ ಅದೇ ಔಷಧಿ ಅಂಗಡೀಲಿ, ಅದೇ ಪೆಟ್ಟಿಗೇಲಿ. ನಿಂದು. ಹದಿನೇಳು."

ಹದಿನೇಳು ತನ್ನದನ್ನು ಮಗುಚಿ ತೋರಿಸಿದ. ನಲವತ್ತು.



"ನೀವು ಪ್ರತಿಯೊಂದನ್ನೂ ಅಷ್ಟು ಹೊತ್ತು ಮುಖಕ್ಕೆ ಹಿಡ್ಕೊಂಡು ನೋಡ್ತೀರಲ್ಲಕ್ಕ..." ಅವನ ದನಿ ಬೇಡುವವನ ದನಿಯಾಗಿತ್ತು.

"ಹುಳುಕು ಹಲ್ಲು ಕಣೋ. ಎರಡು ವರ್ಷದಿಂದ ನೋಯ್ತಿದೆ. ಎಲ್ಲೀವರೆಗೆ ಕಪ್ಪಾಗಿದೆ ಅಂತ ನೋಡ್ಕೊಳ್ತೀನಿ. ಡಾಕ್ಟರ ಹತ್ರ ಹೋಗೋಕೆ ರಜೆ ಎಲ್ಲಿ ಕೊಡ್ತಾರೆ? ನೀನೂ ಹಿಡ್ಕೋತೀಯಲ್ಲ, ಹತ್ತು ಎಣಿಸ್ಕೊಂಡು?"

"ಹಿಂದಿನಿಂದ ಸೂಪರ್‌ವೈಸರ್ ಬರ್ತಿದ್ದಾನಾ ಅಂತ" ಎಂದ ಹದಿನೇಳು.

ಹೆಂಡತಿ ಎರಡೂ ಕನ್ನಡಿಗಳನ್ನು ಅವರ ಕೈಯಿಂದ ಕಸಿದುಕೊಂಡಳು. "ಸೊಂಟದ ಎತ್ತರ ತಾನೆ?" ಎಂದವಳೇ ಕೈಬಿಟ್ಟಳು.

ಮೂರು ಸಲದವರೆಗೆ ಹೋಗಬೇಕಾಗಿ ಬರಲಿಲ್ಲ. ಮೊದಲನೇ ಸಲಕ್ಕೇ ಎರಡರ ಅಂಚೂ ಕಳಚಿ, ಹಲ್ಲುಹಲ್ಲಾದ ಚೂರುಗಳು ನೆಲದ ತುಂಬ ಚೆಲ್ಲಿದವು. ಆ ಸದ್ದಿಗೆ, ಐದು ತಿಂಗಳಲ್ಲಿ ಮೊದಲ ಬಾರಿಗೆ, ಕೂಸು ತಲೆ ಎತ್ತಿತು.

ಗಟ್ಟಿಯಾಗಿ, ನೇರವಾಗಿ, ಅಧಿಕಾರಿಯಂತೆ ಎತ್ತಿತು. ಹದಿನೇಳಿಗೆ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಚೂರು ಆಯುತ್ತಿದ್ದ ಹೆಂಡತಿ ಕೇಳಿದಳು:

"ರೀ, ಇವತ್ತು ತಾರೀಖು ಎಷ್ಟು?"

ಹೇಳಿದ.

"ಹಾಗಾದ್ರೆ ಇದನ್ನ ಯಾರು ಒತ್ತಿದ್ದು?"

ನಂಬರಿನ ಕೆಳಗೆ ಸಣ್ಣದಾಗಿ ತಾರೀಖಿತ್ತು. ಇವತ್ತಿನದು. ನಲವತ್ತರ ಕೆಳಗೂ ಇವತ್ತಿನದು. ಹದಿನೇಳು ಎಡಕ್ಕೆ ವಾಲಿತ್ತು, ಅವನ ಕೈಯೇ ಒತ್ತಿದ ಹಾಗೆ. ನಲವತ್ತಕ್ಕ ಗಲ್ಲ ಹಿಡಿದುಕೊಂಡಳು; ಹಲ್ಲು ನೋವಿಗೋ, ಬೇರೆ ಯಾತಕ್ಕೋ.

ಫೋನು ಹೊಡೆದುಕೊಂಡಿತು. ಸೂಪರ್‌ವೈಸರ್.

"ಹದಿನೇಳಾ? ಭೇಷ್ ಕಣಯ್ಯ! ಮೂರು ಗಂಟೆಗೇ ಒಂಬೈನೂರು ಮುಗಿಸಿಬಿಟ್ಟಿದ್ದೀಯ. ಒಂದನ್ನೂ ರಿಜೆಕ್ಟ್ ಮಾಡಿಲ್ಲ, ಒಂದ್ಸಲ ನೀರಿಗೂ ಎದ್ದಿಲ್ಲ. ಎದುರುಗಡೆ ನಲವತ್ತೂ ಹಾಗೇ."

"ಸಾರ್, ನಾನು ಇವತ್ತು ಬಂದೇ ಇಲ್ಲ. ಜ್ವರ ಅಂತ ಬೆಳಿಗ್ಗೆ ಫೋನ್ ಮಾಡಿದ್ನಲ್ಲ."

ಆ ಕಡೆ ಯಂತ್ರಗಳ ಸದ್ದಿನ ನಡುವೆ ಸೂಪರ್‌ವೈಸರ್ ನಕ್ಕ.

"ತಮಾಷೆ ಮಾಡ್ಬೇಡ. ಮಧ್ಯಾಹ್ನ ನಿನ್ನ ಹಿಂದೇನೇ ಬಂದು ನಿಂತಿದ್ನಲ್ಲಯ್ಯ. ನೀನು ಕನ್ನಡಿ ಹಿಡ್ಕೊಂಡಿದ್ದೆ. ಕನ್ನಡಿಯೊಳಗಿಂದ ನನ್ನ ನೋಡಿ ನಕ್ಕೆ. ನೀನು ನಕ್ಕಿದ್ದು ನಾನು ನೋಡಿದ್ದೇ ಅದೇ ಮೊದಲು. ಹೋಗಲಿ, ಯಾರಾದ್ರೂ ಆಗಿರಲಿ. ಮಾಲೀಕರಿಗೆ ತುಂಬಾ ಖುಷಿಯಾಗಿದೆ. ನಾಳೆಯಿಂದ ಮೇಜಿಗೆ ಸಾವಿರದ ಇನ್ನೂರು."

ಫೋನು ಕಟ್ಟಾಯಿತು. ಮೆಟ್ಟಿಲ ಮೇಲೆ ಮಹಡಿಯಜ್ಜಿ ಕೆಮ್ಮಿದ್ದು ಕೇಳಿಸಿತು.

ಕೂಸು ಎತ್ತಿದ ತಲೆ ಇಳಿಸಿರಲಿಲ್ಲ. ಅದು ಗೋಡೆಯ ಕನ್ನಡಿಯನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ಬೊಚ್ಚುಬಾಯಿ ಅಗಲಿಸಿ, ಕಾಲು ಬಡಿದು, ಕಿಲಕಿಲ ನಕ್ಕಿತು. ಅಪ್ಪ ಕೆಲಸ ಮುಗಿಸಿ ಮನೆಗೆ ಬಂದಾಗ ಮಾತ್ರ ಅದು ಹಾಗೆ ನಗುತ್ತಿತ್ತು. ಅಪ್ಪ ನಿಂತಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ, ಕನ್ನಡಿಗೆ ಕಾಣದ ಮೂಲೆಯಲ್ಲಿ, ಫೋನು ಹಿಡಿದುಕೊಂಡು.

ಹೆಂಡತಿ ಕೂಸನ್ನು ನೋಡಿದಳು, ಕನ್ನಡಿಯನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಚೂರುಗಳನ್ನು ಮೊರಕ್ಕೆ ಬಾಚುತ್ತ ಮೆಲ್ಲಗೆ ಹೇಳಿದಳು:

"ನಾಳೆ ಒಂದ್ಸಲ ಕಾರ್ಖಾನೆ ಹತ್ರ ಹೋಗಿ ನೋಡ್ಕೊಂಡ್ ಬನ್ನಿ. ನೀವು ಕೆಲಸಕ್ಕೆ ಬಂದಿದ್ದೀರೋ ಇಲ್ವೋ ಅಂತ."